ಸ್ಕೋರ್ ಬರೆದವನ ಲೆಕ್ಕ

ರೋಹಿದಾಸ ತಾಂಡೇಲನ ಓಟಗಳೆಲ್ಲ ನನ್ನ ಹತ್ತಿರ ಇವೆ,
ಎಪ್ಪತ್ತೆಂಟನೇ ಇಸವಿಯದ್ದೊಂದು ಬಿಟ್ಟು.
ಅದನ್ನು ಗೆದ್ದಲು ಓದಿ ಮುಗಿಸಿತು.

ಉಳಿದ ಹದಿನಾಲ್ಕೂ ರೇಷನ್ ಅಂಗಡಿಯ ಹಳೆ ಖಾತೆಗಳು.
ಮುಂದಿನಿಂದ ಸಕ್ಕರೆ, ಸೀಮೆಎಣ್ಣೆ;
ತಿರುವಿ ಹಿಡಿದರೆ ಹಿಂದಿನಿಂದ ರೋಯ್ದಾ.
ವಾರವೆಲ್ಲ ತೂಕ ಬರೆದ ಕೈಯೇ
ಭಾನುವಾರ ಓಟ ಬರೆಯುತ್ತಿತ್ತು,
ಹಾಗಾಗಿ ಒಂದೂ ಹೆಚ್ಚಿಲ್ಲ. ಕಡಿಮೆ ಇದ್ದೀತು.

ಬೈತಖೋಲದಲ್ಲಿ ಬ್ಯಾಟಿಗೆ ದುಡ್ಡಿರಲಿಲ್ಲ.
ದೋಣಿ ಕಟ್ಟುವ ಪುತ್ತು ಮೇಸ್ತ
ಮುರಿದ ಹುಟ್ಟೊಂದನ್ನು ಕೆತ್ತಿ ಕೊಟ್ಟ.
ಹುಟ್ಟಿನಿಂದಲೇ ಹುಟ್ಟಿದ್ದು ಅಂತ ನಗುತ್ತಿದ್ದೆವು.
ಒಂದು ಬದಿ ಭಾರ, ಹಿಡಿಗೆ ಬಲೆಯ ಹುರಿ,
ಮಳೆಗಾಲದಲ್ಲಿ ಉಪ್ಪು ಬೆವರುತ್ತಿತ್ತು.
ಚೆಂಡು ತಾಗಿದರೆ ಟಪ್ ಅನ್ನುತ್ತಿರಲಿಲ್ಲ,
ದೋಣಿ ದಕ್ಕೆಗೆ ಬಡಿದ ಹಾಗೆ, ಧೊಬ್.

ನಮ್ಮ ಕಾನೂನು ಗೊತ್ತಲ್ಲ:
ರಸ್ತೆ ದಾಟಿದರೆ ಆರು, ಸಮುದ್ರಕ್ಕೆ ಬಿದ್ದರೆ ಔಟು.
ಚೆಂಡಿಗೆ ಎರಡೂಕಾಲು ರೂಪಾಯಿ.
ಎಲ್ಲರಿಗೂ ಬೀಸಿ ಎಳೆಯುವ ಬದಿಗೇ ಕಡಲು;
ರೋಯ್ದಾ ಎಡಗೈಯವ.
ದೇವರು ಕೊಟ್ಟದ್ದು ಅಷ್ಟೆ, ಮಿಕ್ಕದ್ದು ತೋಳಿನದ್ದು.

ಎಪ್ಪತ್ತಮೂರರ ಫೆಬ್ರುವರಿ. ಕೋಡಿಬಾಗದವರು
ಹದಿನೈದು ರೂಪಾಯಿ, ಬಸ್ ಚಾರ್ಜು, ಒಂದು ಊಟ ಅಂದರು.
ಅದಕ್ಕೂ ಮುಂಚೆ ನಮ್ಮ ಕಡೆ
ಆಟಕ್ಕೆ ಯಾರೂ ಕೂಲಿ ಪಡೆದದ್ದು ನಾನು ಬರೆದಿಲ್ಲ.
ಎದುರು ತಂಡ ಬೈತಖೋಲ.
ಚೆಂಡು ತಮ್ಮ ದೇವಿದಾಸನ ಕೈಯಲ್ಲಿ.
ಆ ಓವರು ಇಲ್ಲಿದೆ:
ಆರು, ನಾಲ್ಕು, ಆರು, ಸೊನ್ನೆ, ಆರು, ಆರು.
ಆ ಸೊನ್ನೆ ಏಕೆಂದು ಇವತ್ತಿಗೂ ಗೊತ್ತಿಲ್ಲ.
ಬಿಟ್ಟಿ ಚೆಂಡು. ಸುಮ್ಮನೆ ತಡೆದ.

ತಮ್ಮ ನಾಲ್ಕು ತಿಂಗಳು ಮಾತು ಬಿಟ್ಟ.
ದಕ್ಕೆಯಲ್ಲಿ 'ಬಾಡಿಗೆ ಬ್ಯಾಟು' ಅಂದರು.
ಬುಟ್ಟಿ ಇಳಿಸುತ್ತ ಅವನು ಹೇಳಿದ್ದಿಷ್ಟೆ:
"ಬಾಂಗಡೆ ಹಿಡಿದರೆ ಕೂಲಿ ಉಂಟು.
ಚೆಂಡು ಬಾಂಗಡೆಗಿಂತ ಜೋರು ಹೋಗ್ತದೆ."

ಅಲ್ಲಿಂದ ಮಾಜಾಳಿ, ಬೇಲೇಕೇರಿ, ಅವರ್ಸಾ,
ಹೆಸರಲ್ಲೇ ಚೆಂಡು ಇಟ್ಟುಕೊಂಡ ಚೆಂಡಿಯಾ,
ಒಮ್ಮೆ ಘಟ್ಟ ಹತ್ತಿ ಶಿರಸಿಗೂ;
ಅಲ್ಲಿಯ ಗಾಳಿಗೆ ಉಪ್ಪಿಲ್ಲ, ಚೆಂಡು ಹಗುರ ಅಂದ.
ಹದಿನೈದು ಇಪ್ಪತ್ತೈದಾಯಿತು, ಇಪ್ಪತ್ತೈದು ನಲವತ್ತು.
ಒಂದು ವರ್ಷ ಎರಡು ತಂಡದಿಂದ ಮುಂಗಡ ಪಡೆದು
ಎರಡಕ್ಕೂ ಆಡಿದ; ಅಂಕೋಲೆಯಲ್ಲಿ ಅಟ್ಟಿಸಿಕೊಂಡು ಬಂದರು.
ಅದನ್ನೂ ಬರೆದಿದ್ದೇನೆ. ಗೆಳೆಯನೆಂದು ಬಿಟ್ಟಿಲ್ಲ.
ಒಟ್ಟು ಹನ್ನೊಂದು ಸಾವಿರದ ಮುನ್ನೂರ ಆರು.
ಗೆದ್ದಲು ತಿಂದದ್ದು ಬೇರೆ.

ಎಂಬತ್ತೈದು, ಮಾಜಾಳಿ. ಮೊದಲ ಚೆಂಡು.
ಎಸೆದವ ಒಂಬತ್ತನೇ ಇಯತ್ತೆಯ ಹುಡುಗ,
ಮೀಸೆ ಇನ್ನೂ ದಾರಿಯಲ್ಲಿತ್ತು.
ಕೋಲು ಬಿದ್ದ ಸದ್ದಿಗೇ ರೋಯ್ದಾ ಹಿಂದೆ ತಿರುಗಿದ್ದು.
ಕಣ್ಣಿನ ವಿಷಯ ನನಗೂ ಹೇಳಿರಲಿಲ್ಲ.
ನೇರ ಬಂದು ನನ್ನ ಮೇಜಿನ ಮೇಲೆ ನಲವತ್ತು ರೂಪಾಯಿ ಇಟ್ಟ,
ಹಾರದಿರಲೆಂದು ಕಲ್ಲು ಹೇರಿದ.
ಬೇಡ ಬೇಡ ಅಂತ ಅವರು ಓಡುವಷ್ಟರಲ್ಲಿ
ಬಸ್ಸು ಹತ್ತಿ ಆಗಿತ್ತು,
ಚಾರ್ಜು ಸ್ವಂತದ್ದು.

ಈಗ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಕೂತಿರುತ್ತಾನೆ.
ಹುಡುಗರು ಮೊಬೈಲು ಚಾಚಿ ನನ್ನನ್ನು ಕೇಳುತ್ತಾರೆ,
ಸ್ಟ್ರೈಕ್ ರೇಟ್ ಎಷ್ಟು, ವಿಡಿಯೋ ಇಲ್ಲವಾ.
ಎದುರಿಸಿದ ಚೆಂಡು ಕೂಡಿಸಿಲ್ಲ ನಾನು,
ಕೂಡಿಸಬೇಕೆಂದು ಹೊಳೆದೂ ಇರಲಿಲ್ಲ.

ಒಂದು ಚೆಂಡಿನ ಲೆಕ್ಕ ಮಾತ್ರ ಹಾಗೇ ಇದೆ.
ಅರಗಾದ ಬಯಲಲ್ಲಿ ಒಂದು ಸಂಜೆ ಅವನು ಹೊಡೆದದ್ದು
ಗೇರುಹಿತ್ತಲು ದಾಟಿತು, ಬಿದ್ದ ಸದ್ದೇ ಬರಲಿಲ್ಲ.
ಹುಡುಕುತ್ತ ಹುಡುಕುತ್ತ ಕತ್ತಲಾಯಿತು.
ಆರು ಅಂತ ಬರೆದೆ,
ಪಕ್ಕದಲ್ಲಿ ಸಣ್ಣಕ್ಷರದಲ್ಲಿ: ಚೆಂಡು ಬಾಕಿ.

ಬಯಲು ಈಗ ನೌಕಾನೆಲೆಯ ಗೋಡೆಯೊಳಗೆ.
ಅಂಕೋಲೆಯ ಬಸ್ಸು ಅಲ್ಲಿ ಹಾಯುವಾಗ
ಕತ್ತು ತಾನಾಗಿ ಆ ಕಡೆ ಹೊರಳುತ್ತದೆ.
ಒಳಗೆ ಹೋಗಲು ಪಾಸು ಬೇಕಂತೆ, ಅರ್ಜಿ ಕೊಡಬೇಕಂತೆ.
ಕಾರಣ ಅಂತ ಇರುವ ಕಡೆ
ಏನು ಬರೆಯಲಿ?